ಸೌದೆ ಸಂಘದ ಖಜಾಂಚಿ

ನಮ್ಮ ಡನ್ನಿಂಗ್ ಮಿಲ್ಸ್‌ನಲ್ಲಿ ಯಾರನ್ನಾದರೂ ಹೊಗಳಬೇಕಾದರೆ ಜನ ಮೊದಲು ಅತ್ತಿತ್ತ ನೋಡಿ, ಹೊಗಳಿಸಿಕೊಳ್ಳುವವರು ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಎದುರಿಗೇ ಹೊಗಳುವುದು ಅಮೆರಿಕದ ಈ ಮೇನ್ ಸೀಮೆಯಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಅದಕ್ಕೇ ಗ್ಲೆನಿಸ್ ಪೆಲ್ಕಿಗೆ ತಾನು ಈ ಊರಿಗೆ ಏನಾಗಿದ್ದೆ ಎಂಬುದು ಗೊತ್ತೇ ಇಲ್ಲ. ಹೇಳಿದವರಿಲ್ಲ. ನಾನೂ ಹೇಳಿಲ್ಲ. ಈಗ ಹೇಳುತ್ತಿದ್ದೇನೆ, ಅವಳು ಇದನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ.

ಅವಳು ಜಿಪುಣಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಚಹಾ ಪೊಟ್ಟಣವನ್ನು ಬೆಳಿಗ್ಗೆ ಒಮ್ಮೆ ಅದ್ದಿ, ಸಾಯಂಕಾಲಕ್ಕೆ ಒಣಗಿಸಿಡುವ ಹೆಂಗಸು. ಊರಿನ ಶೂ ಕಾರ್ಖಾನೆಯಲ್ಲಿ ಸಂಬಳದ ಕಿಟಕಿಯ ಹಿಂದೆ ಕೂತು ಅರ್ಧ ಆಯುಷ್ಯ ಕಳೆದಳು. ಕಾರ್ಖಾನೆ ಮುಚ್ಚಿದ ಚಳಿಗಾಲದಲ್ಲಿ ಒಂದು ಮನೆಯವರು ಚಳಿ ತಡೆಯಲಾರದೆ ಅಡುಗೆಮನೆಯ ಕುರ್ಚಿಗಳನ್ನೇ ಒಡೆದು ಒಲೆಗೆ ಹಾಕಿದರು. ಆ ಸುದ್ದಿ ಅಂಚೆ ಕಚೇರಿಯಲ್ಲಿ ಹಬ್ಬಿದ ಮಾರನೆಯ ದಿನ ಗ್ಲೆನಿಸ್‌ಳ ಗಂಡ ಡೆಲ್ಮಾಂಟ್ ತನ್ನ ಗರಗಸ ತೆಗೆದುಕೊಂಡು ಕಾಡಿಗೆ ಹೋದ. ಪಕ್ಕದ ಮನೆಯ ಲೆಲ್ಯಾಂಡ್ ಹ್ಯಾಸ್ಕೆಲ್ ತನ್ನ ಟ್ರಕ್ ತಂದ. ನಮ್ಮ ಸೌದೆ ಸಂಘ ಹುಟ್ಟಿದ್ದು ಹಾಗೆ. ಲೆಲ್ಯಾಂಡ್ ಅಧ್ಯಕ್ಷನಾದ, ನೀಟಾಗಿ ಬರೆಯುತ್ತಾನೆ ಎಂದು ನಾರ್ಮನ್ ಕಾರ್ಯದರ್ಶಿಯಾದ, ಖಜಾಂಚಿ ಯಾರು ಎಂದು ಯಾರೂ ಕೇಳಲೇ ಇಲ್ಲ, ಗ್ಲೆನಿಸ್ ಇದ್ದಳಲ್ಲ. ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ನಾನು ಹಣ್ಣು ತುಂಬಿದ ಪೈ ಬೇಯಿಸುವವಳಾಗಿ ಸೇರಿಕೊಂಡೆ.

ಸಂಘಕ್ಕೆ ದುಡ್ಡು ಬರುತ್ತಿದ್ದದ್ದು ಶನಿವಾರದ ಕಾಳಿನೂಟದಿಂದ. ಶುಕ್ರವಾರವೇ ಬೀನ್ಸ್ ಕಾಳು ನೆನೆಹಾಕಿ, ಕಾಕಂಬಿ, ಸಾಸಿವೆ, ಉಪ್ಪು ಹಾಕಿದ ಹಂದಿಮಾಂಸದ ತುಂಡು ಸೇರಿಸಿ ಮಣ್ಣಿನ ಮಡಕೆಗಳಲ್ಲಿ ಇಡೀ ದಿನ ಬೇಯಿಸುವುದು. ಜೊತೆಗೆ ಕಂದು ಬ್ರೆಡ್, ಕೋಸಿನ ಪಚಡಿ, ಕೆಂಪು ಸಾಸೇಜು, ಕೊನೆಗೆ ಪೈ. ಸಂಜೆ ಐದಕ್ಕೆ ಊರಿನ ಸಭಾಂಗಣದ ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಹಿಮದಲ್ಲಿ ಸಾಲು ನಿಂತಿರುತ್ತಿತ್ತು. ಬಾಗಿಲ ಬಳಿ ಬಿಸ್ಕತ್ತಿನ ಡಬ್ಬ ಇಟ್ಟುಕೊಂಡು ಗ್ಲೆನಿಸ್ ಕೂತಿರುತ್ತಿದ್ದಳು. ಕೊಡಲಾರದವರು ಬಂದರೆ ಅವಳಿಗೆ ಅದೇ ಕ್ಷಣದಲ್ಲಿ ಬೂಟಿನ ಲೇಸು ಬಿಚ್ಚಿಹೋಗುತ್ತಿತ್ತು. ಬಗ್ಗಿ ಕಟ್ಟಿಕೊಂಡು ತಲೆ ಎತ್ತುವಷ್ಟರಲ್ಲಿ ಅವರು ಒಳಗೆ ಹೋಗಿ ಕೂತಿರುತ್ತಿದ್ದರು.

ದುಡ್ಡಿನ ವಿಷಯ ಇಷ್ಟಾಯಿತು. ಆದರೆ ಆ ಊಟದಿಂದ ಇನ್ನೊಂದು ಕೆಲಸವೂ ಆಗುತ್ತಿತ್ತು. ನಮ್ಮ ಕಡೆಯ ಜನ ಸತ್ತರೂ ಸೌದೆ ಬೇಕು ಎಂದು ಬಾಯಿ ಬಿಟ್ಟು ಕೇಳುವವರಲ್ಲ. ಅಡುಗೆಮನೆಯ ಕಿಂಡಿಯಿಂದ ನಾವು ಹೆಂಗಸರು ಬಡಿಸುತ್ತಾ ನೋಡುತ್ತಿದ್ದೆವು. ಊಟ ಮುಗಿದರೂ ಒಲೆಯ ಪಕ್ಕದಿಂದ ಏಳದವರು ಯಾರು, ಕೋಟು ಬಿಚ್ಚದೆ ಕೂತವರು ಯಾರು, ಯಾರ ಮಗುವಿನ ಕೆಮ್ಮು ಮೊನ್ನೆಗಿಂತ ಜಾಸ್ತಿಯಾಗಿದೆ. ಪಾತ್ರೆ ತೊಳೆಯುವಾಗ ಗ್ಲೆನಿಸ್ ಒಂದೇ ಒಂದು ಮಾತು ಆಡುತ್ತಿದ್ದಳು: "ಹೊಳೆ ದಾರಿ ಮೂರನೇ ಮನೆ." ಭಾನುವಾರ ಬೆಳಿಗ್ಗೆ ಲೆಲ್ಯಾಂಡ್, ಡೆಲ್ಮಾಂಟ್ ಇಬ್ಬರೂ ಆ ಅಂಗಳಕ್ಕೆ ಟ್ರಕ್ ಹಿಂದಕ್ಕೆ ತಗೊಂಡು ಹೋಗಿ ಸೌದೆ ಸುರಿಯುತ್ತಿದ್ದರು.

ಮನೆಯವನು ಮುಖ ಗಂಟು ಹಾಕಿಕೊಂಡು ಹೊರಗೆ ಬರುತ್ತಿದ್ದ. "ಯಾರು ಕೇಳಿದ್ರಯ್ಯಾ ಇದನ್ನ?"

"ಯಾರೂ ಕೇಳ್ಲಿಲ್ಲ ಮಾರಾಯ. ನಮ್ಮ ಯಾರ್ಡಲ್ಲಿ ಜಾಗ ಇಲ್ಲ. ಇಲ್ಲಿ ಇಟ್ಟಿರು, ಬೇಕಾದಾಗ ತಗೊಂಡು ಹೋಗ್ತೀವಿ," ಎನ್ನುತ್ತಿದ್ದ ಲೆಲ್ಯಾಂಡ್, ಮುಖದಲ್ಲಿ ನಗುವಿನ ಎಳೆಯೂ ಇಲ್ಲದೆ.

ಆಮೇಲೆ ಮನೆಯವನು ಕಾಫಿ ತರುತ್ತಿದ್ದ. ಮೂವರೂ ನಿಂತು ಕುಡಿಯುತ್ತಾ ಜಿಂಕೆ ಬೇಟೆಯ ಮಾತಾಡುತ್ತಿದ್ದರು. ಇಟ್ಟ ಸೌದೆಯನ್ನು ತಗೊಂಡು ಬರಲು ಯಾರೂ ಯಾವತ್ತೂ ಹೋಗಲಿಲ್ಲ.

ಸಂಘದ ಹಣಕಾಸಿನ ಸ್ಥಿತಿ ಆ ವರ್ಷಗಳಲ್ಲಿ ಹೇಗಿತ್ತು ಎಂದರೆ, ಸತ್ತಿಲ್ಲ ಎಂದು ಹೇಳಬಹುದಿತ್ತು. ಗ್ಲೆನಿಸ್ ವರದಿ ಕೊಡುತ್ತಿದ್ದದ್ದೇ ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂಬಂತೆ.

"ಹೇಗಿದೆಯಮ್ಮಾ ನಮ್ಮ ಸಂಘ?" ಎಂದು ಲೆಲ್ಯಾಂಡ್ ಕೇಳಿದರೆ, "ಈ ತಿಂಗಳು ಬರೀ ಕೆಮ್ಮು, ಜ್ವರ ಇಲ್ಲ," ಎನ್ನುತ್ತಿದ್ದಳು. ಸೌದೆ ಸೀಳುವ ಯಂತ್ರ ಮುರಿದ ವರ್ಷ, "ಪಾದ್ರೀನ ಕರೆಸೋ ಹೊತ್ತಾಯ್ತು," ಎಂದಳು. ಆ ವರ್ಷ ನಾನು ಮಾಡಿದ ಪೈಗಳಿಗೆ ಲೆಕ್ಕವಿಲ್ಲ. ಅವನ್ನೂ ಬೇರೆ ಹೆಂಗಸರು ಮಾಡಿ ತಂದದ್ದನ್ನೂ ಹರಾಜು ಹಾಕಿದೆವು. ಡೆಲ್ಮಾಂಟ್ ತನ್ನ ಹೆಂಡತಿಯೇ ಮಾಡಿದ ಪೈಯನ್ನು ಎಲ್ಲರಿಗಿಂತ ಜಾಸ್ತಿ ಬೆಲೆಗೆ ಕೂಗಿ ಕೊಂಡ. "ಮನೇಲಿ ಪುಕ್ಕಟೆ ಸಿಗೋದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನ್ರೀ?" ಎಂದು ಅವಳು ಎಲ್ಲರೆದುರಿಗೆ ಬೈದಳು. "ಮನೇಲಿ ಪುಕ್ಕಟೆ ಯಾವಾಗ ಸಿಕ್ಕಿತ್ತು?" ಎಂದ ಅವನು. ಸಭಾಂಗಣದ ಚಾವಣಿ ಹಾರಿಹೋಗುವ ಹಾಗೆ ಜನ ನಕ್ಕರು. ಯಂತ್ರ ರಿಪೇರಿಯಾಯಿತು.

ಡೆಲ್ಮಾಂಟ್ ತೀರಿಕೊಂಡಾಗ ಮಕ್ಕಳಿಲ್ಲದ ಆ ಮನೆಯಲ್ಲಿ ಅವಳೊಬ್ಬಳೇ ಉಳಿದಳು. ಮುಂದಿನ ಶನಿವಾರವೇ ಬಿಸ್ಕತ್ತಿನ ಡಬ್ಬ ಹಿಡಿದು ಬಾಗಿಲ ಬಳಿ ಬಂದು ಕೂತಳು. ಕೆಲವರು ಅದಕ್ಕೂ ಕೊಂಕು ಮಾತಾಡಿದರು. ನನಗೆ ಅರ್ಥವಾಗಿತ್ತು. ಇಡೀ ವಾರದಲ್ಲಿ ಅವಳ ಹೆಸರು ಹಿಡಿದು ಜನ ಕರೆಯುತ್ತಿದ್ದದ್ದು ಆ ಬಾಗಿಲಲ್ಲಿ ಮಾತ್ರ.

ಅಷ್ಟು ಹೊತ್ತಿಗೆ ಮಿಸ್ ಆಲ್ಡ್ರಿಚ್ ಸತ್ತರು.

ಮಿಸ್ ಆಲ್ಡ್ರಿಚ್ ಬೇಸಿಗೆಯಲ್ಲಿ ಮಾತ್ರ ಕೆರೆಯ ದಂಡೆಯ ಬಂಗಲೆಗೆ ಬರುತ್ತಿದ್ದ ಬಾಸ್ಟನ್ನಿನ ಶ್ರೀಮಂತರು. ಒಂದೇ ಒಂದು ಸಲ, ಮೊದಲ ಹಿಮ ಬೀಳುವವರೆಗೂ ಉಳಿದುಕೊಂಡ ವರ್ಷ, ನಮ್ಮ ಕಾಳಿನೂಟಕ್ಕೆ ಬಂದಿದ್ದರು. ಗ್ಲೆನಿಸ್ ಅವರಿಂದಲೂ ಎಲ್ಲರಷ್ಟೇ ದುಡ್ಡು ತೆಗೆದುಕೊಂಡು, ಚಿಲ್ಲರೆ ಎಣಿಸಿ ವಾಪಸು ಕೊಟ್ಟಿದ್ದಳು. ಅದು ಅವರಿಗೆ ಬಹಳ ಹಿಡಿಸಿತ್ತಂತೆ. ಉಯಿಲಿನಲ್ಲಿ ಸೌದೆ ಸಂಘಕ್ಕೆ ಬರೆದ ಮೊತ್ತ ಕೇಳಿದಾಗ ನಾರ್ಮನ್ ಸೊನ್ನೆಗಳನ್ನು ಎರಡೆರಡು ಸಲ ಎಣಿಸಿದ. ಗ್ಲೆನಿಸ್ ಮಾತ್ರ, "ಇದರಲ್ಲಿ ಏನೋ ತಪ್ಪಾಗಿದೆ," ಎಂದಳು.

ತಪ್ಪೇನೂ ಆಗಿರಲಿಲ್ಲ. ಬ್ಯಾಂಗರ್ ಪಟ್ಟಣದಿಂದ ಒಬ್ಬ ಹಣಕಾಸಿನವನು ಬಂದು ಬಣ್ಣಬಣ್ಣದ ಚಿತ್ರ ಬರೆದು ತೋರಿಸಿದ. ಮೂಲಧನ ಮುಟ್ಟದೆ ಬರೀ ಬಡ್ಡಿಯಲ್ಲೇ ಸಂಘ ಶಾಶ್ವತವಾಗಿ ನಡೆಯುತ್ತದೆ ಎಂದ. ನಮ್ಮವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂಲಧನ ಮುಟ್ಟುವುದಕ್ಕಿಂತ ಹೆಂಡತಿಯನ್ನು ಹೊಡೆಯುವುದು ವಾಸಿ ಎನ್ನುವ ಜನ ನಾವು. ಬಡ್ಡಿಯಲ್ಲೂ ಅರ್ಧ ಉಳಿಸಿ ಮತ್ತೆ ಮೂಲಕ್ಕೇ ಸೇರಿಸಬೇಕೆಂದು ತೀರ್ಮಾನವಾಯಿತು. ಆಮೇಲೆ ವಿಮೆಯವನು ಬಂದ. ಇಷ್ಟು ಆಸ್ತಿ ಇರುವ ಸಂಘದಲ್ಲಿ ವಯಸ್ಸಾದವರು ಗರಗಸ ಹಿಡಿದು ಕೈಕಾಲು ಕತ್ತರಿಸಿಕೊಂಡರೆ ಏನು ಗತಿ ಎಂದ. ಗರಗಸ ನಿಂತಿತು. ಪಕ್ಕದ ಊರಿನ ಸೌದೆ ವ್ಯಾಪಾರಿಗೆ ಗುತ್ತಿಗೆ ಕೊಟ್ಟೆವು. ಸೌದೆ ಬೇಕಾದವರು ಫಾರಂ ತುಂಬಿ, ವರಮಾನದ ದಾಖಲೆ ಲಗತ್ತಿಸಿ ಕಳುಹಿಸಬೇಕೆಂದು ವಕೀಲರು ಹೇಳಿದರು.

ಇನ್ನು ಕಾಳಿನೂಟ ಯಾಕೆ? ಒಂದು ಊಟದಿಂದ ಉಳಿಯುತ್ತಿದ್ದದ್ದು ಆ ಬಡ್ಡಿಯ ಎದುರಿಗೆ ಯಾವ ಮೂಲೆಗೂ ಸಾಲದು. ನಮಗೂ ಮೊಣಕಾಲು ನೋವು. ನನಗಂತೂ, ನಿಜ ಹೇಳಬೇಕೆಂದರೆ, ಮೊದಲ ಶನಿವಾರ ಮನೆಯಲ್ಲೇ ಕಾಲು ಚಾಚಿ ಕೂತಾಗ ಸ್ವರ್ಗ ಸಿಕ್ಕ ಹಾಗಾಯಿತು. ಯಾರೂ ನಿಲ್ಲಿಸೋಣ ಎನ್ನಲಿಲ್ಲ. ಒಂದು ವಾರ ಬಿಟ್ಟೆವು, ಇನ್ನೊಂದು ವಾರ ಬಿಟ್ಟೆವು, ನಿಂತೇ ಹೋಯಿತು. ಮಡಕೆಗಳನ್ನು ಕಾಗದದಲ್ಲಿ ಸುತ್ತಿ ಸಭಾಂಗಣದ ಅಟ್ಟಕ್ಕೆ ಹಾಕಿದೆವು.

ಈಗ ಸಂಘ ಗುಂಡುಕಲ್ಲಿನ ಹಾಗಿತ್ತು. ಕೆಮ್ಮಿಲ್ಲ, ಜ್ವರವಿಲ್ಲ. ವರ್ಷ ಕಳೆದಂತೆಲ್ಲ ಇನ್ನೂ ದುಂಡಗಾಗುತ್ತಿತ್ತು, ಯಾಕೆಂದರೆ ಖರ್ಚೇ ಇರಲಿಲ್ಲ. ಮೊದಲ ವರ್ಷ ಒಂದಿಷ್ಟು ಜನ ಫಾರಂ ತುಂಬಿದರು. ಮಾರನೆಯ ವರ್ಷ ಇಬ್ಬರೋ ಮೂವರೋ. "ನನ್ನ ಬಡತನಾನ ನಾನೇ ಬರೆದು, ಸಹಿ ಹಾಕಿ, ಬ್ಯಾಂಕ್ ಕಾಗದ ಜೊತೆಗಿಟ್ಟು ಕಳಿಸ್ಲಾ? ಅದಕ್ಕಿಂತ ಕುರ್ಚಿ ಸುಡ್ತೀನಿ," ಎಂದು ಹೊಳೆ ದಾರಿಯ ಆ ಮೂರನೇ ಮನೆಯವನು ಪೆಟ್ರೋಲ್ ಬಂಕಿನಲ್ಲಿ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಲೆಲ್ಯಾಂಡ್‌ಗೆ ಹೇಳಿದೆ. "ಅವನಿಗೆ ಮೊದಲಿಂದ ಕೊಬ್ಬು," ಎಂದ.

ಗ್ಲೆನಿಸ್ ಶನಿವಾರಗಳಲ್ಲಿ ಏನು ಮಾಡುತ್ತಿದ್ದಳು ಎಂಬುದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಒಂದು ಸಲ ಸಂಜೆ ದಾರಿಯಲ್ಲಿ ಹೋಗುತ್ತಿದ್ದಾಗ ಸಭಾಂಗಣದ ಮುಂದೆ ಅವಳ ಕಾರು ನಿಂತಿತ್ತು. ಒಳಗೆ ಅವಳಿದ್ದಳು, ಕಾರಿನ ಒಳಗೆ. ಎಂಜಿನ್ ಆಫ್ ಮಾಡಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಬೀಗ ಹಾಕಿದ ಬಾಗಿಲನ್ನು ನೋಡುತ್ತಾ ಕೂತಿದ್ದಳು. ನಾನು ಗಾಜು ತಟ್ಟಿದೆ.

"ಏನೇ, ಇಲ್ಲಿ?"

"ಏನಿಲ್ಲ ವರ್ನಾ. ಮೀಟರ್ ನೋಡೋಕೆ ಬಂದೆ. ಕರೆಂಟ್ ಬಿಲ್ ಯಾಕೋ ಜಾಸ್ತಿ ಬಂದಿದೆ."

ಕರೆಂಟ್ ಉಪಯೋಗಿಸುವವರೇ ಇರದ ಕಟ್ಟಡಕ್ಕೆ ಬಿಲ್ ಜಾಸ್ತಿ ಬರುವುದು ಹೇಗೆ ಎಂದು ನಾನು ಕೇಳಲಿಲ್ಲ. ಮನೆಗೆ ಬಾ ಎಂದೂ ಕರೆಯಲಿಲ್ಲ. ನಮ್ಮ ಕಡೆ ಹಾಗೆಲ್ಲ ದಿಢೀರನೆ ಕರೆಯುವುದಿಲ್ಲ, ಕರೆದರೆ ಏನೋ ಕಂಡುಹಿಡಿದೆವು ಎಂದಾಗುತ್ತದೆ.

ಸಂಘದ ವಾರ್ಷಿಕ ಸಭೆ ಮಾರ್ಚಿನಲ್ಲಿ, ಊರಸಭೆ ಮುಗಿದ ಮೇಲೆ ಅದೇ ಕೋಣೆಯಲ್ಲಿ. ಮೊದಲೆಲ್ಲ ನಿಲ್ಲಲು ಜಾಗವಿರುತ್ತಿರಲಿಲ್ಲ. ಆ ವರ್ಷ ಪದಾಧಿಕಾರಿಗಳ ಜೊತೆ ಬೆಚ್ಚಗಿದೆ ಎಂದು ಕೂತುಬಿಟ್ಟ ಒಂದಿಬ್ಬರು ಮುದುಕರು, ಅಷ್ಟೇ. ಗ್ಲೆನಿಸ್ ವರದಿ ಓದಿದಳು. ಓದಿ ಮುಗಿಸಿ ಕೂರಲಿಲ್ಲ.

"ಕಾಳಿನೂಟ ಮತ್ತೆ ಶುರು ಮಾಡೋಣ ಅಂತ ನನ್ನದೊಂದು ಸಲಹೆ."

ಅವಳು ಅಷ್ಟು ವರ್ಷದಲ್ಲಿ ಸಭೆಯ ಮುಂದೆ ಇಟ್ಟ ಮೊದಲ ಸಲಹೆ ಅದು.

"ಯಾಕೆ?" ಎಂದ ಲೆಲ್ಯಾಂಡ್. ಕೆಟ್ಟ ಮನಸ್ಸಿನಿಂದ ಅಲ್ಲ, ನಿಜವಾಗಿ ಅರ್ಥವಾಗದೆ. "ನಮಗೇನು ದುಡ್ಡಿಗೆ ತಾಪತ್ರಯಾನಾ?"

"ಇಲ್ಲ."

"ಊಟ ಹಾಕಿದ್ರೆ ಎಷ್ಟು ಉಳೀಬಹುದು, ನೀನೇ ಹೇಳು. ಲೆಕ್ಕ ನಿನ್ನ ಹತ್ರಾನೇ ಇದೆ."

ಅವಳು ಹಾಳೆ ನೋಡಿದಳು. ಸುಳ್ಳು ಲೆಕ್ಕ ಹೇಳಲು ಬಾರದ ಹೆಂಗಸು. "ಏನೂ ಉಳಿಯಲ್ಲ. ಈಗ ವಿಮೆ ಸೇರಿಸಿದ್ರೆ ಕೈಯಿಂದಲೇ ಹೋಗತ್ತೆ."

"ಮತ್ತೆ?" ಎಂದ ಲೆಲ್ಯಾಂಡ್.

ಆ "ಮತ್ತೆ"ಗೆ ಅವಳ ಬಳಿ ಉತ್ತರವಿತ್ತು. ಒಂಟಿಯಾಗಿದ್ದೇನೆ ಎನ್ನಬಹುದಿತ್ತು. ಸತ್ತರೂ ಎನ್ನಲಾರಳು. ನಾನು ಬಾಯಿ ತೆರೆದೆ. ಅವಳು ನನ್ನನ್ನು ಹೇಗೆ ನೋಡಿದಳೆಂದರೆ ತೆರೆದ ಬಾಯಿ ಮುಚ್ಚಿಕೊಂಡೆ. ಸಲಹೆ ಬಿದ್ದುಹೋಯಿತು. ನಾರ್ಮನ್ ಅದನ್ನು ನೀಟಾಗಿ ಬರೆದುಕೊಂಡ.

ಮುಂದಿನ ಚಳಿಗಾಲ ಹಾಳಾದ್ದು ಬೇಗ ಬಂದು ಬಹಳ ದಿನ ಕೂತಿತು. ನನ್ನ ಸೊಂಟದ ಆಪರೇಷನ್ ಆಗಿದ್ದರಿಂದ ನಾನು ಮನೆ ಬಿಟ್ಟು ಹೊರಡಲಿಲ್ಲ. ಅವಳೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದೆ. "ಹೇಗಿದೀಯೇ?" ಎಂದರೆ "ಚೆನ್ನಾಗಿದೀನಿ," ಎನ್ನುತ್ತಿದ್ದಳು. ಫೆಬ್ರವರಿಯಲ್ಲಿ ಮೊದಲ ಸಲ ಕಾರು ಹತ್ತಿದವಳು ಅವಳ ಮನೆಯ ಮುಂದೆ ನಿಧಾನ ಮಾಡಿದೆ. ರಸ್ತೆಯಿಂದ ಅಡುಗೆಮನೆ ಬಾಗಿಲವರೆಗೆ ಹಿಮ ಎತ್ತಿ ದಾರಿ ಮಾಡಿದ್ದಳು. ಬಾಗಿಲಿಂದ ಸೌದೆಮನೆಗೆ ಮಾತ್ರ ದಾರಿಯಿರಲಿಲ್ಲ. ಸೊಂಟದೆತ್ತರ ಬಿದ್ದ ಹಿಮ ಬಿದ್ದಂತೆಯೇ ಇತ್ತು, ಒಂದು ಹೆಜ್ಜೆ ಗುರುತಿಲ್ಲ.

ಬಾಗಿಲು ತಟ್ಟದೆ ಒಳಗೆ ನುಗ್ಗಿದೆ. ಗ್ಲೆನಿಸ್ ಡೆಲ್ಮಾಂಟ್‌ನ ಬೇಟೆ ಕೋಟು ಹಾಕಿಕೊಂಡು, ಟೋಪಿ ಹಾಕಿಕೊಂಡು, ಒಂದು ಪುಟ್ಟ ಕರೆಂಟಿನ ಹೀಟರ್ ಮುಂದೆ ಪದಬಂಧ ಬಿಡಿಸುತ್ತಾ ಕೂತಿದ್ದಳು. ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ಮಿಕ್ಕ ಕೋಣೆಗಳ ಬಾಗಿಲು ಮುಚ್ಚಿ, ಸಂದಿಗೆ ಟವೆಲ್ ತುರುಕಿದ್ದಳು.

"ಏನೇ ಇದು! ಮನೆಯೋ ಮೀನಂಗಡಿ ಐಸ್ ಪೆಟ್ಟಿಗೆಯೋ?"

"ಬಾಗಿಲು ಹಾಕೇ ಮೊದಲು. ಇದ್ದಬದ್ದ ಬಿಸೀನೂ ಹೋಗತ್ತೆ."

"ಸೌದೆ ಎಲ್ಲಿ?"

"ಮುಗೀತು."

"ಯಾವಾಗ?"

"ಕ್ರಿಸ್‌ಮಸ್ಸಿಗೆ ಮುಂಚೆ."

"ದುಡ್ಡಿಲ್ವೇನೇ ನಿನ್ನ ಹತ್ರ?"

"ಇದೆ. ದುಡ್ಡಿಗೇನಾಗಿದೆ."

ನನಗೆ ಕಾಲಿನಿಂದ ತಲೆಯವರೆಗೆ ಉರಿಯಿತು. "ದುಡ್ಡಿದೆ, ಫೋನಿದೆ, ಸೌದೆ ಸಂಘದ ಖಜಾಂಚಿ ಬೇರೆ! ತಲೆ ಕೆಟ್ಟಿದೆಯಾ ನಿಂಗೆ?"

ಅವಳು ಪೆನ್ಸಿಲ್ ಕೆಳಗಿಟ್ಟಳು. "ಮೊದಮೊದಲು ಬೆಲೆ ಇಳೀಲಿ ಅಂತ ಸುಮ್ನಿದ್ದೆ. ಆಮೇಲೆ ಹಟ ಬಂತು. ಆಮೇಲೆ..." ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು. "ಯಾರಿಗಾದ್ರೂ ಗೊತ್ತಾಗತ್ತಾ ನೋಡೋಣ ಅಂತ ಕಾದೆ ಕಣೆ."

ಕೋಟು ಬಿಚ್ಚದೆ ಪಕ್ಕದಲ್ಲಿ ಕೂತೆ. ಇಬ್ಬರೂ ಒಂದೇ ಹೀಟರಿಗೆ ಕೈ ಒಡ್ಡಿದೆವು. ನನಗೆ ಅಳು ಬಂತು, ಮೂಗು ಒರೆಸಿಕೊಳ್ಳುವ ಹಾಗೆ ಒರೆಸಿಕೊಂಡೆ. ಅವತ್ತೇ ಸಂಜೆ ನನ್ನ ಸೌದೆಮನೆಯಿಂದ ಕಾರಿನ ಡಿಕ್ಕಿ ತುಂಬ ಸೌದೆ ತಂದು ಅವಳ ಒಲೆ ಹೊತ್ತಿಸಿದೆ, ಆಪರೇಷನ್ ಆದ ಸೊಂಟ ಮುರಿದರೂ ಮುರಿಯಲಿ ಎಂದು. ಯಾರಿಗೂ ಹೇಳಕೂಡದು ಎಂದು ಅವಳು ಆಣೆ ಹಾಕಿಸಿಕೊಂಡಳು. ಚಳಿಗಾಲ ಮುಗಿಯುವವರೆಗೂ ನಾನು ಡಿಕ್ಕಿಯಲ್ಲಿ ಸೌದೆ ಹೊತ್ತೆ. ಅವಳು ದುಡ್ಡು ಕೊಡಲು ಬಂದಳು, ನಾನು ಕೈಗೆ ಹೊಡೆದೆ.

ಮಾರ್ಚಿನಲ್ಲಿ ಮತ್ತೆ ಸಭೆ. ಕುರ್ಚಿಗಳನ್ನು ಹಾಕಿದವನು ಅಭ್ಯಾಸಬಲದಿಂದ ಸಾಲುಸಾಲು ಹಾಕಿಬಿಟ್ಟಿದ್ದ. ನಾವು ಮುಂದಿನ ಸಾಲನ್ನೂ ತುಂಬಿಸಲಿಲ್ಲ. ಗ್ಲೆನಿಸ್ ಎದ್ದು ನಿಂತು ತನ್ನ ಸಂಬಳದ ಕಿಟಕಿಯ ದನಿಯಲ್ಲಿ ಓದಿದಳು. ಠೇವಣಿ ಇಷ್ಟು, ಬಡ್ಡಿ ಇಷ್ಟು, ಮೂಲಕ್ಕೆ ಸೇರಿಸಿದ್ದು ಇಷ್ಟು. ಸೌದೆಗೆ ಖರ್ಚು, ಏನೂ ಇಲ್ಲ.

"ಈ ಸಲ ಕೇಳ್ದೋರು ಎಷ್ಟು ಜನ?" ಎಂದ ಲೆಲ್ಯಾಂಡ್.

"ಯಾರೂ ಇಲ್ಲ."

"ಒಳ್ಳೇದೇ ಆಯ್ತಲ್ಲ. ಊರು ಸುಧಾರಿಸಿದೆ ಅಂತಾಯ್ತು."

ಗ್ಲೆನಿಸ್ ಕನ್ನಡಕ ತೆಗೆದಳು. ಅವಳು ಏನು ಮಾಡಲಿದ್ದಾಳೆಂದು ನನಗೂ ಗೊತ್ತಿರಲಿಲ್ಲ.

"ಕೇಳ್ದೋರು ಇಲ್ಲ ಅಂದೆ. ಸೌದೆ ಇಲ್ಲದೋರು ಇದ್ರು. ನನಗೆ ಗೊತ್ತಿರೋದು ಒಬ್ಬರು."

"ಯಾರು?"

"ನಾನು."

ಲೆಲ್ಯಾಂಡ್ ನಗಲು ಹೋದ, ತಮಾಷೆ ಇರಬೇಕೆಂದು. ಅವಳ ಮುಖ ನೋಡಿ ನಗು ಅರ್ಧದಲ್ಲೇ ನಿಂತಿತು. "ನೀನಾ? ಫಾರಂ ಎಲ್ಲ ನಿನ್ನ ಮನೇಲೇ ಇತ್ತಲ್ಲೇ ಗ್ಲೆನಿಸ್."

"ಇತ್ತು. ಒಂದು ಕಟ್ಟು. ಕಡೇ ಸೌದೆ ಮುಗಿದ ದಿನ ಅದನ್ನೇ ಒಲೆಗೆ ಹಾಕ್ದೆ. ಜಾಸ್ತಿ ಹೊತ್ತು ಉರೀಲಿಲ್ಲ."

"ನಂಗೊಂದು ಮಾತು ಹೇಳಬಾರದಿತ್ತಾ? ಪಕ್ಕದ ಮನೆ ಕಣೆ ನಂದು!"

"ಯಾರಿಗೆ ಹೇಳ್ಲಿ ಲೆಲ್ಯಾಂಡ್?" ಎಂದಳು ಅವಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. "ಯಾರು ಬಂದಿದ್ರು?"

ಲೆಲ್ಯಾಂಡ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ ಕೂತ. ಪಕ್ಕದ ಮನೆಯ ಚಿಮಣಿಯನ್ನು ದಿನಾ ಬೆಳಿಗ್ಗೆ ಕಿಟಕಿಯಿಂದ ನೋಡುವವನು ಅವನು. ನೋಡಿರಬೇಕು, ಹೊಗೆ ಇಲ್ಲದ್ದನ್ನು ನೋಡಿಯೂ ಇರಬೇಕು. ಗ್ಲೆನಿಸ್ ಕನ್ನಡಕ ಹಾಕಿಕೊಂಡು, ಹಾಳೆಗಳನ್ನು ಒಟ್ಟುಮಾಡಿ, "ಸಂಘದ ಆರ್ಥಿಕ ಸ್ಥಿತಿ ಅತ್ಯುತ್ತಮ. ಸಭೆ ಒಪ್ಪಿಗೆ ಕೊಡಬೇಕು," ಎಂದು ಎಂದಿನಂತೆ ಓದಿ ಮುಗಿಸಿದಳು.

ಯಾರೂ ಕೈ ಎತ್ತಲಿಲ್ಲ. ಅವಳು ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದಳು. ನಾರ್ಮನ್ ಪೆನ್ನಿನ ಮುಚ್ಚಳ ಹಾಕಿದ. ಲೆಲ್ಯಾಂಡ್ ಎರಡೂ ಕೈಗಳನ್ನು ಟೋಪಿಯ ಕೆಳಗೆ ಇಟ್ಟುಕೊಂಡು ನೆಲ ನೋಡುತ್ತಿದ್ದ. ಬೆಚ್ಚಗಿದೆ ಎಂದು ಕೂತಿದ್ದ ಮುದುಕರೂ ಅಲುಗಲಿಲ್ಲ.

"ಒಂದು ಸೆಂಟೂ ತಪ್ಪಿಲ್ಲ ಇದರಲ್ಲಿ," ಎಂದಳು ಗ್ಲೆನಿಸ್.

"ಗೊತ್ತು ಕಣೆ," ಎಂದ ಲೆಲ್ಯಾಂಡ್, ತಲೆ ಎತ್ತದೆ. "ಆದ್ರೂ ನಾನು ಒಪ್ಪಲ್ಲ."

ಅಷ್ಟು ವರ್ಷಗಳಲ್ಲಿ ಗ್ಲೆನಿಸ್ ಪೆಲ್ಕಿಯ ಲೆಕ್ಕ ಒಪ್ಪಿಗೆಯಾಗದೆ ವಾಪಸು ಬಂದದ್ದು ಅದೊಂದೇ ಸಲ.